ಹಬ್ಬ ಹಾಡುವವರ ಊರಲ್ಲಿ ಫಲಿತಾಂಶ ಅಳೆದ ಬಗೆ

ಸಾಗರ ಮತ್ತು ಸೊರಬ ತಾಲ್ಲೂಕುಗಳ ಗಡಿಯ ಐದು ಕೇರಿಗಳಲ್ಲಿ ಅಂಟಿಗೆ-ಪಂಟಿಗೆಯ ಹಾಡುಗಳನ್ನೂ ಹಸೆ ಚಿತ್ತಾರವನ್ನೂ ಎಳೆಯರಿಗೆ ಕಲಿಸುವ ಯೋಜನೆಯೊಂದಕ್ಕೆ ನಮ್ಮ ಸಣ್ಣ ಸಂಸ್ಥೆಯು ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಅನುದಾನ ಪಡೆದಿತ್ತು. ಕಲಿಸುವ ಕೆಲಸ ಊರಿನ ಹಿರಿಯರದಾಗಿತ್ತು. ದಾಖಲೆ ಇಡುವುದು, ಆದ ಬದಲಾವಣೆಯನ್ನು ಅಳೆಯುವುದು, ವರದಿ ಬರೆದು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಅರ್ಜಿಯ ಹಂತದಿಂದ ಕೊನೆಯ ಟಿಪ್ಪಣಿಯವರೆಗೆ ಆ ಕೆಲಸ ನಡೆದ ಕ್ರಮವನ್ನು, ಇಂಥದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಈ ಎರಡು ಕಲೆಗಳ ಪರಿಚಯ ಬೇಕಾಗಿಲ್ಲ. ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. ಅಂಟಿಗೆ-ಪಂಟಿಗೆಯಲ್ಲಿ, ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ಗಂಡಸರ ತಂಡವೊಂದು ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಯ್ದುಕೊಂಡು ಮನೆಮನೆಗೆ ಹೋಗಿ ಹಾಡುತ್ತದೆ. ಬಾಗಿಲು ತೆಗೆಸುವ ಹಾಡು, ದೀಪಕ್ಕೆ ಎಣ್ಣೆ ಎರೆಸುವ ಹಾಡು, ಬಲೀಂದ್ರನ ಹಾಡು, ಹರಸುವ ಹಾಡು ಎಂದು ಒಂದೊಂದಕ್ಕೂ ಅದರದೇ ಹೊತ್ತಿದೆ. ಮನೆಯವರು ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಹಸೆ ಚಿತ್ತಾರವು ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿ ಅರೆದ ಬಿಳಿಯಲ್ಲಿ ಬರೆಯುವ ಚಿತ್ರ. ಅದೇ ಕೈ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯನ್ನೂ ಬರೆಯುತ್ತದೆ. ನವರಾತ್ರಿಯ ಹೊತ್ತಿಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದು ಇಟ್ಟರೆ, ಹುಣ್ಣಿಮೆಯ ನಸುಕಿನಲ್ಲಿ ಅದು ಅಡುಗೆಯೊಂದಿಗೆ ಗದ್ದೆಗೆ ಹೋಗುತ್ತದೆ. ಹಾಡು ಬಲಿಪಾಡ್ಯಮಿಗೆ, ಬುಟ್ಟಿ ಅಶ್ವಯುಜ ಹುಣ್ಣಿಮೆಗೆ. ಎರಡೂ ವರ್ಷದಲ್ಲಿ ಒಮ್ಮೆ ಮಾತ್ರ ತಮ್ಮ ನಿಜವಾದ ಜಾಗದಲ್ಲಿ ಕಾಣಿಸಿಕೊಳ್ಳುವಂಥವು, ಮತ್ತು ಆ ಒಮ್ಮೆ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಬರುತ್ತದೆ.

ಅನುದಾನದ ವರ್ಷವಾದರೋ ಮಾರ್ಚ್ 31ಕ್ಕೆ ಮುಗಿಯುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಮಿತಿಗೆ ಮೇಲ್ಪಟ್ಟ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು; ಆ ಕೆಲಸಗಳ ಪಟ್ಟಿಯಾದ ಏಳನೇ ಅನುಸೂಚಿಯಲ್ಲಿ ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳೂ ಸೇರಿವೆ. ಬಹುವಾರ್ಷಿಕ ಯೋಜನೆಯ ಹಣ ಉಳಿದರೆ ಹಣಕಾಸು ವರ್ಷ ಮುಗಿದ 30 ದಿನಗಳೊಳಗೆ ಅದನ್ನು ಪ್ರತ್ಯೇಕ ಖಾತೆಗೆ ಹಾಕಬೇಕು. ಬಹುವಾರ್ಷಿಕವಲ್ಲದಿದ್ದರೆ ಆರು ತಿಂಗಳೊಳಗೆ ಅನುಸೂಚಿಯಲ್ಲಿ ಹೆಸರಿಸಿದ ನಿಧಿಗೆ ವರ್ಗಾಯಿಸಬೇಕು. ಹೀಗಾಗಿ ಹಣ ಕೊಡುವವರಿಗೆ ಮಾರ್ಚ್ ಹತ್ತಿರವಾದಂತೆ ಖರ್ಚಿನ ಲೆಕ್ಕವೂ ಫಲಿತಾಂಶದ ಪುಟವೂ ಒಟ್ಟಿಗೇ ಬೇಕಾಗುತ್ತವೆ. ಅವರ ಅವಸರಕ್ಕೆ ಕಾರಣವಿದೆ ಎಂಬುದನ್ನು ನಾನು ಮೊದಲೇ ತಿಳಿದುಕೊಂಡದ್ದು ಮುಂದಿನ ಮಾತುಕತೆಗೆ ಬಹಳ ನೆರವಾಯಿತು. ಆದರೆ ಜೂನ್‌ನಲ್ಲಿ ಶುರುವಾದ ಕಲಿಕೆಯ ಫಲವನ್ನು ಮಾರ್ಚ್‌ನಲ್ಲಿ ಅಳೆದರೆ, ನಡುವೆ ಸಿಗುವುದು ಒಂದೇ ದೀಪಾವಳಿ. ಅದೂ ಯೋಜನೆಯ ಗೌರವಧನ, ಯೋಜನೆಯ ಜೀಪು, ಯೋಜನೆಯ ಕಾರ್ಯಕರ್ತರು ಎಲ್ಲವೂ ಬೆನ್ನಿಗಿದ್ದಾಗ ನಡೆದ ದೀಪಾವಳಿ. ಹಣ ನಿಂತ ಮೇಲಿನ ಮೊದಲ ದೀಪಾವಳಿಯಲ್ಲಿ ಹುಡುಗರು ತಾವಾಗಿಯೇ ದೀಪ ಹಿಡಿದು ಹೊರಡುತ್ತಾರೆಯೇ ಎನ್ನುವುದೇ ನಮಗೆ ತಿಳಿಯಬೇಕಾಗಿದ್ದ ಸಂಗತಿ.

ಈ ಮಾತನ್ನು ಅರ್ಜಿಯ ಹಂತದಲ್ಲೇ ಎತ್ತಿದೆವು. ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಮಾಜಿಕ ಹೊಣೆಗಾರಿಕೆಯ ವೆಚ್ಚ ಮಾಡಬೇಕಾದ ಕಂಪನಿಗಳು 1 ಕೋಟಿ ಅಥವಾ ಅದಕ್ಕೆ ಮೇಲ್ಪಟ್ಟ ಯೋಜನೆಗಳಿಗೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಅಧ್ಯಯನ ಮಾಡಿಸಬೇಕೆಂದು 2021ರ ತಿದ್ದುಪಡಿ ನಿಯಮ ಹೇಳುತ್ತದೆ, ಮತ್ತು ಯೋಜನೆ ಮುಗಿದು ಒಂದು ವರ್ಷವಾದರೂ ಕಳೆದಿರಬೇಕೆಂಬ ಮಾತು ಅದೇ ನಿಯಮದಲ್ಲಿದೆ. ನಮ್ಮದು ಆ ಮೊತ್ತದ ಹತ್ತಿರವೂ ಬಾರದ ಯೋಜನೆ. ಹಾಗಿದ್ದರೂ ದೊಡ್ಡ ಯೋಜನೆಗಳಿಗೆ ಕಾಯುವ ನ್ಯಾಯವನ್ನು ಸಣ್ಣದಕ್ಕೂ ತೋರಿಸಿ ಎಂದು ಕೇಳಿದೆವು. ಮಾರ್ಚ್ ವರದಿಯನ್ನು ಅಂತಿಮವೆಂದೇ ಕರೆಯುವುದು, ಆದರೆ ಮುಂದಿನ ದೀಪಾವಳಿ ಕಳೆದ ಮೇಲೆ ಒಂದು ಅನುಬಂಧ ಕೊಡುವುದು ಎಂದು ಒಪ್ಪಂದವಾಯಿತು. ಅನುಬಂಧದ ಓಡಾಟಕ್ಕೆ ಬೇರೆ ಹಣವಿರಲಿಲ್ಲ. ಅದನ್ನು ಸಂಸ್ಥೆಯೇ ಹೊತ್ತಿತು.

ಕಂಪನಿಯವರು ವರದಿಗೆಂದು ಕೊಟ್ಟ ನಮೂನೆಯಲ್ಲಿ ಪ್ರತ್ಯಕ್ಷ ಫಲಾನುಭವಿಗಳು, ಪರೋಕ್ಷ ಫಲಾನುಭವಿಗಳು ಎಂಬ ಎರಡು ಕಲಂಗಳಿದ್ದವು. ಕಲಿಯುವವರ ಸಂಖ್ಯೆಯನ್ನು ಮೊದಲನೆಯದರಲ್ಲಿ ಬರೆದು, ಅದನ್ನು ಮನೆಯ ಸರಾಸರಿ ಮಂದಿಯಿಂದ ಗುಣಿಸಿ ಎರಡನೆಯದನ್ನು ತುಂಬುವುದು ಎಲ್ಲೆಡೆ ರೂಢಿ. ನಾನು ಅದನ್ನು ಒಪ್ಪಲಿಲ್ಲ. ಹಾಡುವ ತಂಡ ಹೋದ ಮನೆಯವರು ಎಣ್ಣೆ ಎರೆದು ಅಕ್ಕಿ ಕೊಟ್ಟು ಆ ರಾತ್ರಿಯನ್ನು ನಡೆಸಿಕೊಡುವವರೇ ಆಗಿರುವಾಗ, ಅವರನ್ನು ನಮ್ಮ ಹಣದಿಂದ ಫಲ ಪಡೆದವರೆಂದು ಎಣಿಸುವುದು ಸತ್ಯಕ್ಕೆ ದೂರ. ಎರಡನೆಯ ಕಲಂನಲ್ಲಿ ‘ಎಣಿಸಿಲ್ಲ, ಕಾರಣಕ್ಕೆ ಪುಟ 4 ನೋಡಿ’ ಎಂದು ಬರೆದೆ. ಅದರಿಂದ ಯಾವ ತೊಂದರೆಯೂ ಆಗಲಿಲ್ಲ.

ನಡೆಸಿದ ತರಗತಿಗಳು, ಧ್ವನಿಮುದ್ರಿಸಿದ ಹಾಡುಗಳು, ಬರೆದ ಗೋಡೆಗಳು ನಾವು ಮಾಡಿದ ಕೆಲಸದ ಪ್ರಮಾಣ ಮಾತ್ರ. ಅದರಿಂದ ಜನರ ಕೈಯಲ್ಲಿ, ಗಂಟಲಲ್ಲಿ ಏನು ಬದಲಾಯಿತು ಎನ್ನುವುದು ಫಲಿತಾಂಶ. ಆ ಬದಲಾವಣೆಯನ್ನು ಗುರುತಿಸುವ ಸೂಚಕಗಳನ್ನು ಕಚೇರಿಯಲ್ಲಿ ಕುಳಿತು ಬರೆಯುವುದು ಬೇಡವೆಂದು, ಕಲಿಸಲು ಒಪ್ಪಿದ್ದ ಹಿರಿಯರನ್ನು ಶಾಲೆಯ ಜಗಲಿಯಲ್ಲಿ ಸೇರಿಸಿ ಒಂದೇ ಪ್ರಶ್ನೆ ಕೇಳಿದೆವು: ಹುಡುಗ ಕಲಿತ ಎಂದು ನಿಮಗೆ ಯಾವಾಗ ಅನ್ನಿಸುತ್ತದೆ? ಒಬ್ಬರು, “ಸೊಲ್ಲು ಹಿಡಿಯೋದು ಎಲ್ಲರಿಗೂ ಬರ್ತದೆ. ಹಾಡು ಎತ್ತಬೇಕು. ಎತ್ತಿದ ಮೇಲೂ ಆ ಮನೇಲಿ ಮದುಮಕ್ಕಳಿದ್ರೆ ಒಂದು ಹಾಡು, ಬಾಳಂತಿ ಇದ್ರೆ ಒಂದು ಹಾಡು, ಅದು ಗೊತ್ತಾಗಬೇಕು” ಎಂದರು. ಇನ್ನೊಬ್ಬರು, “ಬೆಳಗಿನ ಜಾವದ ತನಕ ಯಾರೂ ಎತ್ತಿಕೊಡದೆ ನಡಸ್ಕಂಡು ಹೋದ್ನಾ, ಆಗ ಕಲ್ತ ಅಂತ” ಎಂದರು. ಹೀಗೆ ಮೂರು ಮೆಟ್ಟಿಲುಗಳು ಅವರ ಬಾಯಿಂದಲೇ ಬಂದವು: ಬೇರೆಯವರ ಹಾಡಿಗೆ ದನಿಗೂಡಿಸಿ ಸೊಲ್ಲು ಹಿಡಿಯುವುದು, ತಾನೇ ಮೊದಲಾಗಿ ಹಾಡು ಎತ್ತುವುದು, ರಾತ್ರಿ ನಡೆಸುವುದು. ಚಿತ್ತಾರದಲ್ಲೂ ಬೇರೆಯವರು ಎಳೆದ ಗೆರೆಗಳ ನಡುವೆ ತುಂಬುವುದು, ಸ್ವತಃ ಎಳೆ ಎಳೆಯುವುದು, ಬರಿಗೋಡೆಯನ್ನು ಕಣ್ಣಳತೆಯಲ್ಲೇ ಅಂದಾಜಿಸಿ ಇಡೀ ಹಸೆಯನ್ನು ಕೂರಿಸುವುದು ಎಂಬ ಮೂರು ಹಂತಗಳಾದವು. ಹೆಂಗಸರು ಒಂದನ್ನು ಸೇರಿಸಿದರು: ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಆ ಮನೆಯ ಹೆಣ್ಣುಮಗಳೇ ಬರೆದಳೇ, ಬೇರೆ ಮನೆಯವರ ಕೈಯಲ್ಲಿ ಬರೆಸಿಕೊಂಡರೇ ಎಂಬುದನ್ನು ನೋಡಿ ಎಂದರು. ಇಡೀ ಯೋಜನೆಯಲ್ಲಿ ಇದಕ್ಕಿಂತ ಗಟ್ಟಿಯಾದ ಸೂಚಕ ನನಗೆ ಸಿಗಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಮನೆಗೆ ಹೋದರೆ ಬುಟ್ಟಿ ಕಣ್ಣೆದುರಿಗಿರುತ್ತದೆ, ಯಾರು ಬರೆದರೆಂದು ಕೇರಿಗೆಲ್ಲ ಗೊತ್ತಿರುತ್ತದೆ, ಯಾರನ್ನೂ ಪರೀಕ್ಷೆಗೆ ಕೂರಿಸಬೇಕಾಗುವುದಿಲ್ಲ.

ಆರಂಭಸ್ಥಿತಿಯ ಸಮೀಕ್ಷೆಯನ್ನು ತರಗತಿ ಶುರುವಾಗುವ ಮುಂಚೆ, ಮಳೆಗಾಲದಲ್ಲೇ ಮಾಡಿದೆವು. ನೆಟ್ಟಿ ನಡೆಯುತ್ತಿದ್ದ ದಿನಗಳಾದ್ದರಿಂದ ಮನೆಯವರು ಸಿಗುತ್ತಿದ್ದುದು ಕತ್ತಲಾದ ಮೇಲೆಯೇ. ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ನಡೆಯುವ ಸಮೀಕ್ಷೆಯ ಆ್ಯಪ್ ಮೊಬೈಲಿನಲ್ಲಿತ್ತು; ಆದರೂ ಒದ್ದೆ ಕೈಯಲ್ಲಿ ಪರದೆ ಒತ್ತುವುದಕ್ಕಿಂತ ನೋಟ್‌ಬುಕ್ಕೇ ಅನುಕೂಲವೆನಿಸಿತು. ಹದಿನೆಂಟರೊಳಗಿನವರ ಧ್ವನಿ, ಚಿತ್ರ ತೆಗೆಯುವ ಮುಂಚೆ ತಂದೆತಾಯಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇರದಿದ್ದರೂ ಕೇಳಬೇಕಾದ್ದೇ.

ಈ ಹಂತದಲ್ಲಿ ಬಾಯಿಮಾತಿನ ಉತ್ತರ ಎಷ್ಟು ದುರ್ಬಲ ಎಂಬುದು ಒಂದು ಮನೆಯಲ್ಲಿ ಸ್ಪಷ್ಟವಾಯಿತು. ಅರವತ್ತು ದಾಟಿದ ಅಮ್ಮನೊಬ್ಬರನ್ನು, “ಚಿತ್ತಾರ ಬರೆಯೋಕೆ ಬರ್ತದಾ ಅಮ್ಮಾ?” ಎಂದು ಕೇಳಿದೆ. “ಎಂತ ಬರ್ತದೆ ತಂಗಿ, ನಮ್ಮತ್ತೆ ಬರೀತಿದ್ರು. ನಂಗೆಲ್ಲ ಬರಲ್ಲ” ಎಂದರು. ನಮೂನೆಯ ಪ್ರಕಾರ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ ಏಳಬೇಕಿತ್ತು. ನನ್ನ ಜೊತೆಗಿದ್ದ ಅದೇ ಕೇರಿಯ ಅಕ್ಕ, ಕೆಮ್ಮಣ್ಣು ಬಳಿದು ಒಣಗಿಸಿ ತಂದಿದ್ದ ಹಳೆಯ ಮೊರವನ್ನೂ ಅರೆದ ಅಕ್ಕಿಯ ಬಟ್ಟಲನ್ನೂ ಅವರ ಮುಂದಿಟ್ಟರು. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಂಡಿನಾರಿನ ತುದಿಯನ್ನು ಬೆರಳಲ್ಲಿ ಹೊಸೆದು ಹದ ಮಾಡಿ, ಬಿಳಿಯಲ್ಲಿ ಅದ್ದಿ, ಬಟ್ಟಲಂಚಿಗೆ ಒರಸಿ, ಮೊರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕೈ ಎತ್ತದೆ ಎರಡು ಎಳೆ ಎಳೆದರು. ಎರಡರ ನಡುವಿನ ಅಂತರ ಎಲ್ಲಿಯೂ ಹೆಚ್ಚುಕಡಿಮೆಯಾಗಲಿಲ್ಲ. ಮೂಲೆಗೆ ಬಂದಾಗ ನಿಲ್ಲಿಸಿ, “ಇಲ್ಲಿ ತಿರುವು ಬರಬೇಕು, ಅದು ನನ್ನ ಕೈಗೆ ಕೂರಲ್ಲ. ಅತ್ತೆ ಇದ್ದಿದ್ರೆ ತೋರಸ್ತಿದ್ರು” ಎಂದರು. ‘ಇಲ್ಲ’ ಎಂಬ ಒಂದು ಗುರುತಿನ ಜಾಗದಲ್ಲಿ, ಅವರಿಗೆ ಏನು ಬರುತ್ತದೆ, ಯಾವುದು ಬರುವುದಿಲ್ಲ, ಅದು ಯಾರೊಂದಿಗೆ ಹೋಯಿತು ಎಂಬ ಮೂರೂ ಸಿಕ್ಕವು. ಅಂದಿನಿಂದ ಉಳಿದೆಲ್ಲ ಮನೆಗಳಲ್ಲೂ ಪ್ರಶ್ನೆಯ ಬದಲು ಮೊರ ಮತ್ತು ಬಟ್ಟಲನ್ನೇ ಮುಂದಿಟ್ಟೆವು. ಹಾಡುಗಾರರಿಗೂ ‘ಎಷ್ಟು ಹಾಡು ಬರುತ್ತದೆ’ ಎಂದು ಕೇಳದೆ, ಒಂದು ಹಾಡು ಎತ್ತಿ ಎಂದೆವು. ಆ ಅಮ್ಮ ಆಮೇಲೆ ನಮ್ಮ ಕಲಿಸುವವರಲ್ಲಿ ಒಬ್ಬರಾದರು, ಮೂಲೆಯ ತಿರುವನ್ನು ಪಕ್ಕದ ಕೇರಿಯವರೊಬ್ಬರಿಂದ ತಾವೂ ಕಲಿತರು. ಹಿರಿಯರು ಹಿರಿಯರಿಂದ ಕಲಿಯುವುದನ್ನು ನಮೂನೆಯ ಯಾವ ಕಲಮೂ ಊಹಿಸಿರಲಿಲ್ಲವಾದ್ದರಿಂದ ಅದಕ್ಕೆಂದೇ ವರದಿಯಲ್ಲಿ ಒಂದು ಭಾಗ ಮಾಡಿದೆ.

ಮೂರು ತಿಂಗಳಿಗೊಮ್ಮೆ ಕೊಡಬೇಕಾದ ವರದಿಗಳಲ್ಲಿ ಹಾಜರಾತಿಯೇ ಮುಖ್ಯ. ಮೊದಲ ವರದಿಯಲ್ಲಿ ಚೆನ್ನಾಗಿದ್ದ ಹಾಜರಾತಿ ದೀಪಾವಳಿಯ ನಂತರ ಥಟ್ಟನೆ ಇಳಿಯಿತು. ಇದು ಆಸಕ್ತಿ ಇಳಿದದ್ದೆಂದು ಓದುವವರಿಗೆ ಅನ್ನಿಸುವುದು ಸಹಜ. ಅದು ಅಡಿಕೆ ಕೊಯ್ಲಿನ ಕಾಲ. ಹೆಂಗಸರು ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯಲು ಹೋಗುತ್ತಾರೆ, ಸುಲಿದಷ್ಟಕ್ಕೆ ಕೂಲಿ. ಆ ದುಡಿಮೆಯನ್ನು ಬಿಟ್ಟು ಯಾರೂ ತರಗತಿಗೆ ಬರಲಾರರು, ಬರಬೇಕೆಂದು ಕೇಳುವುದೂ ತಪ್ಪು. ಡಿಸೆಂಬರ್ ಕಳೆದರೆ ಮಂಗನ ಕಾಯಿಲೆಯ ಆತಂಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣ್ಣೆ ಎಂಬ ಕಚ್ಚುವ ಹುಳುವಿನಿಂದ ಹರಡುತ್ತದೆ, ಬೇಸಿಗೆಯ ತಿಂಗಳುಗಳಲ್ಲಿ ಕಾಡಂಚಿನ ಮನೆಗಳನ್ನು ಹೆಚ್ಚು ಕಾಡುತ್ತದೆ. ಹಣ ಕೊಟ್ಟವರು ಸ್ಥಳ ನೋಡಲು ಬರುವುದು ಜನವರಿಯಿಂದ ಮಾರ್ಚ್‌ವರೆಗೆ, ಸರಿಯಾಗಿ ಅದೇ ತಿಂಗಳುಗಳಲ್ಲಿ. ನಾನು ಹಾಜರಾತಿಯ ಕೋಷ್ಟಕದ ಪಕ್ಕದಲ್ಲೇ ಇನ್ನೊಂದು ಕಲಂ ಹಾಕಿ, ಆಯಾ ತಿಂಗಳಲ್ಲಿ ಊರಿನಲ್ಲಿ ನಡೆಯುವ ಕೆಲಸವನ್ನು ಬರೆದೆ: ನೆಟ್ಟಿ, ಕಳೆ, ಹಬ್ಬ, ಕೊಯ್ಲು, ಅಡಿಕೆ ಸುಲಿಯುವುದು, ಒಕ್ಕಲು. ಎರಡನ್ನೂ ಒಟ್ಟಿಗೆ ಓದಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಸುಲಿಯುವ ಮನೆಗೇ ಹೋಗಿ ಹಾಡು ಹೇಳಿಸುವ ಏರ್ಪಾಡನ್ನು ಹಿರಿಯರೇ ಸೂಚಿಸಿದರು. ಕೈಗಳು ಕತ್ತಿಯ ಮುಂದೆ ಓಡುತ್ತಿರುವಾಗ ಬಾಯಿ ಬಿಡುವಾಗಿರುತ್ತದೆ. ಅಂಟಿಗೆ-ಪಂಟಿಗೆ ಗಂಡಸರ ಹಾಡೆಂದು ನಾವು ನಂಬಿದ್ದೆವಲ್ಲ, ಅದರ ಸಾಲುಗಳನ್ನು ತಿದ್ದಿಕೊಡುವಷ್ಟು ಬಲ್ಲ ಹೆಂಗಸರು ಅಲ್ಲಿದ್ದರು. ಚಿಕ್ಕಂದಿನಿಂದ ಬಾಗಿಲ ಹಿಂದೆ ನಿಂತು ಕೇಳಿದವರು ಅವರು.

ವರ್ಷದ ಕೊನೆಯಲ್ಲಿ ತೃಪ್ತಿಯನ್ನು ಒಂದರಿಂದ ಐದರವರೆಗೆ ಅಂಕಗಳಲ್ಲಿ ಕೇಳುವ ಪ್ರಶ್ನಾವಳಿ ಬಂತು. ಎಲ್ಲರೂ ಐದು ಕೊಟ್ಟರು. ಮನೆಗೆ ಬಂದು ಕಾಫಿ ಕುಡಿದು ಕೇಳಿದವರಿಗೆ ಮಲೆನಾಡಿನಲ್ಲಿ ಯಾರೂ ನಾಲ್ಕು ಕೊಡುವುದಿಲ್ಲ. ಆ ಅಂಕಗಳನ್ನು ಇದ್ದಂತೆಯೇ ಒಪ್ಪಿಸಿ, ಅವುಗಳಿಂದ ಏನನ್ನೂ ತೀರ್ಮಾನಿಸಬಾರದೆಂದು ಕೆಳಗೆ ಬರೆದೆ. ಅದರ ಬದಲಿಗೆ, ಬಾಂಗ್ಲಾದೇಶದ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮವೊಂದಕ್ಕಾಗಿ 1990ರ ದಶಕದಲ್ಲಿ ಮೌಲ್ಯಮಾಪನ ತಜ್ಞ ರಿಕ್ ಡೇವಿಸ್ ರೂಪಿಸಿದ ವಿಧಾನವನ್ನು ಬಳಸಿದೆವು. ಅದರಲ್ಲಿ ಅಂಕವಿಲ್ಲ. ಈ ವರ್ಷ ನಿಮ್ಮ ಕಣ್ಣಿಗೆ ಕಂಡ ದೊಡ್ಡ ಬದಲಾವಣೆ ಯಾವುದು, ಅದು ಏಕೆ ದೊಡ್ಡದು ಎಂದು ಕೇಳಿ, ಬಂದ ಕಥೆಗಳನ್ನು ಬರೆದುಕೊಂಡು, ಅವುಗಳಲ್ಲಿ ಯಾವುದು ಹೆಚ್ಚು ಮುಖ್ಯವೆಂದು ಊರಿನವರೇ ಚರ್ಚಿಸಿ ಆರಿಸುವುದು. ಆರಿಸಿದ ಕಾರಣವನ್ನೂ ದಾಖಲಿಸುವುದು. ಆ ಚರ್ಚೆಯಲ್ಲಿ ನಾನು ಬರೆದುಕೊಳ್ಳುವುದಷ್ಟನ್ನೇ ಮಾಡಿದೆ. ಚಿತ್ತಾರದ ಚೌಕಟ್ಟುಗಳನ್ನು ಮಾರಿ ಹಣ ಗಳಿಸಿದ ಕಥೆಯೇ ಮೇಲೆ ಬರುತ್ತದೆಂದು ನಮ್ಮ ಸಂಸ್ಥೆಯವರ ಎಣಿಕೆಯಾಗಿತ್ತು. ಅವರು ಆರಿಸಿದ್ದು ಬೇರೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ಅಜ್ಜನ ಹಾಡಿನ ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ಕೇಳಿ ಕಲಿತು, ಹಬ್ಬಕ್ಕೆ ಬಂದು, ಅಜ್ಜ ಮರೆತಿದ್ದ ಸಾಲನ್ನು ಅಜ್ಜನಿಗೇ ಎತ್ತಿಕೊಟ್ಟದ್ದು.

ಅದೇ ಚರ್ಚೆಯಲ್ಲಿ ಅಹಿತವಾದದ್ದೊಂದು ಹೊರಬಂತು. ಒಂದು ಕೇರಿಯಲ್ಲಿ ಕೆಲವು ಮನೆಯವರು, “ಅವರಿಗೆ ಕಂಪನಿ ದುಡ್ಡು ಕೊಡ್ತದಂತಲ್ಲ, ನಾವೆಂತಕ್ಕೆ ಅಕ್ಕಿ ಕೊಡೋದು” ಎಂದಿದ್ದರು. ಹಾಡುವವರಲ್ಲೂ ಗೌರವಧನ ಪಡೆದವರು ಮತ್ತು ಪಡೆಯದವರ ನಡುವೆ ಮನಸ್ತಾಪವಾಗಿತ್ತು. ಅಕ್ಕಿಯ ಬೆಲೆ ಇಲ್ಲಿ ಮುಖ್ಯವಲ್ಲ. ಮನೆಯವರು ಕೊಡುವುದು, ತಂಡ ಹರಸುವುದು, ಈ ಎರಡರ ಮೇಲೆಯೇ ಆ ರಾತ್ರಿ ನಿಂತಿದೆ. ಮೂರನೆಯವರ ಹಣ ನಡುವೆ ಬಂದಾಗ ಆ ಸಂಬಂಧ ಸಡಿಲವಾಗುತ್ತದೆ. ಇದನ್ನು ವರದಿಯಲ್ಲಿ ಬರೆದರೆ ಮುಂದಿನ ಕಂತಿಗೆ ಕುತ್ತು ಬಂದೀತೆಂದು ಸಂಸ್ಥೆಯ ಸಭೆಯಲ್ಲಿ ಕೆಲವರು ಹೇಳಿದರು. ಬರೆಯದಿದ್ದರೆ ಮುಂದೆ ಇನ್ನೊಂದು ಸಂಸ್ಥೆ ಇನ್ನೊಂದು ಕೇರಿಯಲ್ಲಿ ಇದನ್ನೇ ಮಾಡುತ್ತದೆ ಎಂಬುದು ನನ್ನ ವಾದವಾಗಿತ್ತು. ಹಿರಿಯರ ಒಪ್ಪಿಗೆ ಕೇಳಿ, ಕೇರಿಯ ಹೆಸರು ಬಿಟ್ಟು, ಉಳಿದದ್ದನ್ನೆಲ್ಲ ಬರೆದೆವು. ಗೌರವಧನವನ್ನು ಹಬ್ಬದ ರಾತ್ರಿಗೆ ಕೊಡದೆ, ಕಲಿಸುವ ತಿಂಗಳುಗಳಿಗೆ ಮಾತ್ರ ಕೊಡಬೇಕೆಂಬ ಶಿಫಾರಸನ್ನೂ ಸೇರಿಸಿದೆವು. ಕಂತು ನಿಲ್ಲಲಿಲ್ಲ.

ಹಣದ ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಂದ್ರ ಸರ್ಕಾರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ನಮ್ಮದಕ್ಕೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಸಾಕಾಯಿತು. ಐದು ಸಾವಿರ ರೂಪಾಯಿಗೆ ಮೇಲ್ಪಟ್ಟ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಹಚ್ಚಿಸುವುದು, ಹಿರಿಯರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವಂತೆಯೇ ಹೆಸರು ಬರೆಯುವುದು, ಇವನ್ನು ಆಯಾ ತಿಂಗಳೇ ಮಾಡಿದರೆ ಮಾರ್ಚ್ ಹಗುರಾಗುತ್ತದೆ.

ಮುಂದಿನ ವರ್ಷ, ಹಣ ನಿಂತ ಮೇಲೆ, ಒಪ್ಪಿಕೊಂಡಂತೆ ಭೂಮಿ ಹುಣ್ಣಿಮೆಯ ಹಿಂದಿನ ದಿನ ಮತ್ತು ದೀಪಾವಳಿಯ ರಾತ್ರಿಗಳಲ್ಲಿ ಕೇರಿಗಳಿಗೆ ಹೋದೆವು. ಮೂರು ಕೇರಿಗಳಲ್ಲಿ ತಂಡ ಹೊರಟಿತು. ಒಂದರಲ್ಲಿ ಹಬ್ಬದ ವಾರವೇ ಸಾವಾಗಿ ಸೂತಕವಿದ್ದುದರಿಂದ ದೀಪ ಎತ್ತಲಿಲ್ಲ. ಅದನ್ನು ವಿಫಲವೆಂದು ಎಣಿಸಲಾಗದು, ಸಫಲವೆಂದೂ ಹೇಳಲಾಗದು, ಹಾಗೆಯೇ ಬರೆದೆವು. ಗೌರವಧನದ ಮನಸ್ತಾಪವಾಗಿದ್ದ ಕೇರಿಯಲ್ಲಿ ಯಾರೂ ಹೊರಡಲಿಲ್ಲ. ಹೊರಟ ಮೂರರಲ್ಲಿ ಒಂದು ತಂಡವನ್ನು ಹಿರಿಯರಿಲ್ಲದೆ ಹುಡುಗರೇ ನಡೆಸಿದರು. ನಡುರಾತ್ರಿ ದಾಟಿದ ಮೇಲೆ ಬಾಳಂತಿ ಇದ್ದ ಮನೆಯೊಂದರ ಅಂಗಳದಲ್ಲಿ ತಂಡ ನಿಂತಾಗ, ಮುಂದಿದ್ದ ಹುಡುಗ ಒಳಗಿನ ತೊಟ್ಟಿಲ ಸದ್ದು ಕೇಳಿ, ಎತ್ತಲಿದ್ದ ಹಾಡನ್ನು ಬಿಟ್ಟು ಬೇರೊಂದನ್ನು ಎತ್ತಿದ. ಶಾಲೆಯ ಜಗಲಿಯಲ್ಲಿ ಹಿರಿಯರು ಹೇಳಿದ್ದ ಎರಡನೆಯ ಮೆಟ್ಟಿಲು ಅದು. ಅನುಬಂಧದಲ್ಲಿ ಆ ಹುಡುಗನ ಎದುರಿಗೆ ಗುರುತು ಹಾಕುವಾಗ ನನಗಾದ ಸಂತೋಷ ಇಡೀ ಅಂತಿಮ ವರದಿ ಕೊಟ್ಟಾಗಲೂ ಆಗಿರಲಿಲ್ಲ. ಬುಟ್ಟಿಗಳಲ್ಲಿ ಬದಲಾವಣೆ ಇನ್ನೂ ನಿಚ್ಚಳವಾಗಿತ್ತು: ಹಿಂದೆ ಬರೆಸಿಕೊಳ್ಳುತ್ತಿದ್ದ ಹಲವು ಮನೆಗಳಲ್ಲಿ ಆ ವರ್ಷ ಮನೆಯ ಹೆಣ್ಣುಮಕ್ಕಳೇ ಬರೆದಿದ್ದರು. ಇದು ನಮ್ಮ ಯೋಜನೆಯಿಂದಲೇ ಆಯಿತೆಂದು ಬರೆಯಲಿಲ್ಲ. ಅದೇ ಕಾಲದಲ್ಲಿ ಚಿತ್ತಾರದ ವಿಡಿಯೊಗಳು ಮೊಬೈಲುಗಳಲ್ಲಿ ಹರಿದಾಡುತ್ತಿದ್ದವು, ಶಾಲೆಗಳಲ್ಲೂ ಬರೆಸುತ್ತಿದ್ದರು. ನಮ್ಮದೂ ಒಂದು ಪಾಲಿದೆ ಎಂದಷ್ಟೇ ಬರೆದೆವು.

ಇದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ. ಅದರ ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ಊರೂರು ಸುತ್ತುವ ನಾಟಕ ತಂಡವಾದ ತಿರುಗಾಟ ಹೊರಟದ್ದು 1985ರಲ್ಲಿ. ಮೊದಲ ವರ್ಷದ ಕೊನೆಗೆ ಯಾವ ಕೋಷ್ಟಕದಲ್ಲೂ ಕಾಣುವಂಥದಲ್ಲ ಅದು. ಕಂಪನಿಯವರೊಂದಿಗಿನ ಕೊನೆಯ ಸಭೆಯಲ್ಲಿ ನಾನು ಈ ಉದಾಹರಣೆಯನ್ನೇ ಕೊಟ್ಟೆ, ಅವರು ಗಮನವಿಟ್ಟು ಕೇಳಿದರು.

ವರದಿಯ ಕನ್ನಡ ಪ್ರತಿಯನ್ನು ಐದೂ ಕೇರಿಗಳಲ್ಲಿ ಓದಿ ಹೇಳಿದೆವು. ಅಲ್ಲಿ ಬಂದ ತಿದ್ದುಪಡಿಗಳಲ್ಲಿ ಹೆಚ್ಚಿನವು ಹಾಡಿನ ಸಾಲುಗಳ ಬಗ್ಗೆ, ಒಂದೆರಡು ಯಾರು ಯಾರಿಂದ ಕಲಿತರೆಂಬುದರ ಬಗ್ಗೆ. ಎಲ್ಲವನ್ನೂ ಸೇರಿಸಿಕೊಂಡು ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಟ್ಟಿದ್ದೇವೆ. ಹಬ್ಬ ನಿಂತ ಕೇರಿಯಲ್ಲಿ ಓದಿದ ದಿನ ಮನೆಯವರೂ ಹಾಡುವವರೂ ಒಟ್ಟಿಗೆ ಕುಳಿತಿದ್ದರು, ಮಾತು ಬಿಸಿಯಾಗಿಯೇ ನಡೆಯಿತು, ಮುಂದಿನ ಹಬ್ಬಕ್ಕೆ ದುಡ್ಡಿನ ಮಾತಿಲ್ಲದೆ ಹೊರಡೋಣವೆಂದು ಇಬ್ಬರು ಹಿರಿಯರು ಹೇಳಿದರು. ಹೊಸ ಅರ್ಜಿಯಲ್ಲಿ, ಯೋಜನೆ ಮುಗಿದ ನಂತರದ ಹುಣ್ಣಿಮೆ ಮತ್ತು ದೀಪಾವಳಿಯ ಭೇಟಿಗಳ ಖರ್ಚನ್ನು ಪ್ರತ್ಯೇಕ ಬಾಬ್ತಾಗಿಯೇ ತೋರಿಸಿದ್ದೇವೆ.